ಪಡುವಣ ಕಿಟಕಿ

ಇಂಗ್ಲೆಂಡಿನ ರಾಣಿಯ ಕಡೆಯವರು ಓಕರ್‌ಷಾ ಹಾಲ್‌ಗೆ ಬಂದದ್ದು ಫೆಬ್ರವರಿಯ ಒಂದು ಬೆಳಗ್ಗೆ. ಮನೆಯ ಸುತ್ತಲಿನ ಕಂದಕದ ನೀರು ಹೆಪ್ಪುಗಟ್ಟಿ, ಬಾತುಗಳು ಅದರ ಮೇಲೆ ಕಾಲು ಜಾರಿಸಿಕೊಂಡು ಓಡಾಡುತ್ತಿದ್ದವು. ಥಾಮಸಿನ್ ಅಡುಗೆಮನೆಯಲ್ಲಿ ರೊಟ್ಟಿಯ ಹಿಟ್ಟು ನಾದುತ್ತಿದ್ದಳು. ಸೇತುವೆಯ ಹಲಗೆಗಳ ಮೇಲೆ ಕುದುರೆಗಳ ಸದ್ದು ಕೇಳಿತು. ಒಂದೆರಡಲ್ಲ, ಬಹಳ. ಆಳುಗಳಲ್ಲಿ ಹಿರಿಯಳಾದ ಮುದುಕಿ ಬ್ರಿಜೆಟ್ ಕಿಟಕಿಯಿಂದ ಇಣುಕಿ ನೋಡಿ, ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳಲು ಹೋದವಳು ಕೈಯನ್ನು ಅರ್ಧಕ್ಕೇ ತಡೆದು ಏಪ್ರನ್ನಿಗೆ ಒರೆಸಿಕೊಂಡಳು.

"ಬಂದ್ರು ಅಮ್ಮಾ," ಅಂದಳು. "ಈ ಸಲ ಊಟಕ್ಕೆ ಬಂದಿರೋ ಮುಖಗಳಲ್ಲ."

ಥಾಮಸಿನ್ ತಲೆಯೆತ್ತಿ ಮಹಡಿಯ ಕಡೆ ನೋಡಿದಳು. ಮೇಲೆ ಇಬ್ಬರು ಅವಸರದಲ್ಲಿ ಓಡಿದ ಸದ್ದು. ಎಲ್ಲೋ ಮರಕ್ಕೆ ಮರ ತಾಗಿದ ಸದ್ದು. ವಾಪಸು ಬಂದ ಹೆಜ್ಜೆಗಳು ಮಾತ್ರ ಒಬ್ಬರವೇ. ಗಂಡ ಜರ್ವೇಸ್ ಮೆಟ್ಟಿಲಿಳಿದು ಬಂದಾಗ ಅವನ ತೋಳಿನ ಮೇಲೆ ಸುಣ್ಣದ ಧೂಳು ಹತ್ತಿತ್ತು. ಅವಳು ಓಡಿಹೋಗಿ ಹಿಟ್ಟು ಮೆತ್ತಿದ ಕೈಯಿಂದಲೇ ಆ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸುಣ್ಣ ಯಾವುದು ಹಿಟ್ಟು ಯಾವುದು ಎಂದು ನೋಡಿದವರಿಗೆ ತಿಳಿಯದಿರಲಿ ಎಂದು. ಅಷ್ಟರಲ್ಲಿ ಬಾಗಿಲು ಬಡಿಯತೊಡಗಿದರು.

ಜರ್ವೇಸ್ ಬಚ್ಚಿಟ್ಟು ಬಂದದ್ದು ಫೆನ್ ಮೇಷ್ಟ್ರನ್ನು. ಊರಿನವರ ಕಣ್ಣಿಗೆ ಅವರು ಆಳುಮಕ್ಕಳಿಗೆ ಅಕ್ಷರ ಕಲಿಸುವ ಮೇಷ್ಟ್ರು, ಮನೆಯವರಿಗೆ ಪಾದ್ರಿಗಳು. ಭಾನುವಾರ ಅಟ್ಟದ ಮೇಲೆ ಬಟ್ಟೆಯ ಪೆಟ್ಟಿಗೆಯನ್ನೇ ಪೀಠ ಮಾಡಿಕೊಂಡು, ರಾಣಿ ನಿಷೇಧಿಸಿದ ಹಳೆಯ ಕ್ಯಾಥೊಲಿಕ್ ಮತದ ಬಲಿಪೂಜೆಯನ್ನು ಪಿಸುಮಾತಿನಲ್ಲಿ ಮಾಡುತ್ತಿದ್ದರು. ಅಂಥ ಪಾದ್ರಿ ಸಿಕ್ಕರೆ ನೇಣು, ಜೀವವಿರುವಾಗಲೇ ಹೊಟ್ಟೆ ಬಗೆಯುವುದು. ಇಟ್ಟುಕೊಂಡವರಿಗೂ ನೇಣೇ. ಆದ್ದರಿಂದ ಹಳೆಯ ಮತದವರ ಮನೆಗಳ ಗೋಡೆಗಳಲ್ಲಿ ಪಾದ್ರಿಯನ್ನು ಬಚ್ಚಿಡುವ ಗೂಡುಗಳಿರುತ್ತಿದ್ದವು. ಓಕರ್‌ಷಾದಲ್ಲೂ ಒಂದಿದೆ ಎಂದು ಥಾಮಸಿನ್‌ಗೆ ಗೊತ್ತಿತ್ತು. ಎಲ್ಲಿದೆ ಎಂದು ಗೊತ್ತಿರಲಿಲ್ಲ.

ಅವಳು ರಾಣಿಯ ಹೊಸ ಮತದ ಮನೆಯಿಂದ ಬಂದ ಸೊಸೆ. ಅವಳ ಅಪ್ಪ ಪಕ್ಕದ ಜಿಲ್ಲೆಯ ನ್ಯಾಯಾಧಿಕಾರಿ. ಹಳೆಯ ಮತದವರು ಕಟಕಟೆಗೆ ಬಂದರೆ ಅವರ ಮುಖವನ್ನೂ ನೋಡದೆ ತೀರ್ಪು ಕೊಡುವ ಮನುಷ್ಯ. ಮಗಳು ಜರ್ವೇಸ್ ಲೇಕನ್‌ನನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಾಗ, "ಹೋಗು, ಆ ಮನೆಯ ಹೊಗೆ ಕುಡಿದುಕೊಂಡು ಬಿದ್ದಿರು," ಎಂದಷ್ಟೇ ಹೇಳಿ ಕಳುಹಿಸಿಕೊಟ್ಟಿದ್ದ. ಗಂಡನ ಮನೆಗೆ ಬಂದ ಮೇಲೆ ಅವಳು ಎಲ್ಲರ ಜೊತೆ ಅಟ್ಟದ ಮೇಲೆ ಮಂಡಿಯೂರುತ್ತಿದ್ದಳು. ಲ್ಯಾಟಿನ್ ತಿಳಿಯದಿದ್ದರೂ ಫೆನ್ ಮೇಷ್ಟ್ರ ದನಿ ಇಷ್ಟವಾಗುತ್ತಿತ್ತು. ಮೊದಲ ಮಗು ಹುಟ್ಟುವ ಮುಂಚೆ ಜರ್ವೇಸ್ ಅವಳನ್ನು ಬಾಣಂತನಕ್ಕೆಂದು ತನ್ನ ಅಕ್ಕನ ಮನೆಗೆ ಬಿಟ್ಟುಬಂದ. ಮಗು ಉಳಿಯಲಿಲ್ಲ. ಬರಿಗೈಯಲ್ಲಿ ವಾಪಸು ಬಂದಾಗ ಮನೆಯ ಪಡುವಣಕ್ಕೆ ಇಟ್ಟಿಗೆಯ ಹೊಸ ಕಟ್ಟಡ ಎದ್ದಿತ್ತು, ಗಾರೆ ಇನ್ನೂ ಹಸಿಯಾಗಿತ್ತು. ಗೂಡನ್ನು ಆಗಲೇ ಕಟ್ಟಿಸಿದ್ದಾನೆ ಎಂದು ಅವಳಿಗೆ ಅರ್ಥವಾಯಿತು.

"ಎಲ್ಲಿ?" ಎಂದು ಒಮ್ಮೆ ಕೇಳಿದ್ದಳು.

"ಗೊತ್ತಿಲ್ಲದ್ದನ್ನ ಯಾರೂ ನಿನ್ನ ಬಾಯಿಂದ ಹೊರಡಿಸೋಕಾಗಲ್ಲ ಕಣೇ," ಎಂದು ನಕ್ಕು ಅವಳ ತಲೆ ಸವರಿದ್ದ ಜರ್ವೇಸ್. ಆಗ ಅದು ಪ್ರೀತಿಯ ಹಾಗೇ ಕೇಳಿಸಿತ್ತು.

ಬಂದವರ ಮುಖಂಡನ ಹೆಸರು ಲುಡ್‌ಫರ್ಡ್. ಹಿಂದೊಮ್ಮೆ ಮನೆ ಕಟ್ಟುವ ಮೇಸ್ತ್ರಿಯಾಗಿದ್ದವನು. ಕೈಯಲ್ಲಿ ಅಳತೆಗೋಲು ಹಿಡಿದೇ ಒಳಗೆ ಬಂದ. ದೊಡ್ಡ ಹಜಾರದ ನಡುವೆ ನಿಂತು, ಕುದುರೆ ಕೊಳ್ಳುವವನು ಹಲ್ಲು ನೋಡುವ ಹಾಗೆ ಸುತ್ತ ನೋಡಿದ.

"ಮೂರು ತಲೆಮಾರಿನ ಮನೆ," ಎಂದು ತನ್ನವರಿಗೆ ಹೇಳಿದ. "ಅಜ್ಜ ಓಕ್ ತೊಲೆ ನಿಲ್ಲಿಸಿ ಈ ಹಜಾರ ಕಟ್ದ. ಆಗ ಇದಕ್ಕೆ ಮಹಡಿ ಇರಲಿಲ್ಲ, ನಡುವೆ ಒಲೆ, ಹೊಗೆ ಸೀದಾ ಸೂರಿಗೆ. ತೊಲೆ ಹೇಗೆ ಕಪ್ಪಾಗಿದೆ ನೋಡ್ರೋ. ಮಗ ಬಂದು ನಡುವೆ ಮಹಡಿ ಹಾಕಿ ಮೇಲೆ ಉದ್ದದ ಗ್ಯಾಲರಿ ಮಾಡ್ದ. ಈ ಮಹಾರಾಯರು ಪಡುವಲಲ್ಲಿ ಇಟ್ಟಿಗೆ ಅಂಟಿಸಿದಾರೆ. ಇಂಥ ಮನೇಲಿ ಒಂದು ಗೋಡೆ ಮಾತು ಇನ್ನೊಂದು ಕೇಳಲ್ಲ. ಸಂದು ಬೇಕಾದಷ್ಟಿರುತ್ತೆ."

"ಸಂದು ಇರೋದು ನಿಜ," ಅಂದಳು ಬ್ರಿಜೆಟ್. "ಚಳಿಗಾಳಿ ಎಲ್ಲಿಂದ ನುಗ್ಗುತ್ತೆ ಅಂತ ಇವತ್ತಿಗೂ ನಮಗೆ ಸಿಕ್ಕಿಲ್ಲ. ನೀವು ಹುಡುಕಿಕೊಟ್ರೆ ಪುಣ್ಯ ಬರುತ್ತೆ."

ಒಂದಿಬ್ಬರು ನಕ್ಕರು. ಲುಡ್‌ಫರ್ಡ್ ನಗಲಿಲ್ಲ.

ಜರ್ವೇಸ್‌ನನ್ನು ಅಂದೇ ವಿಚಾರಣೆಗೆಂದು ಲಂಡನ್ನಿಗೆ ಒಯ್ಯಲು ನಿಂತರು. ಅಂಗಳದಲ್ಲಿ ಕುದುರೆ ಹತ್ತುವ ಮುಂಚೆ ಥಾಮಸಿನ್ ಹತ್ತಿರ ಹೋಗಿ ಅವನ ಮೇಲಂಗಿಯ ಗುಂಡಿ ಹಾಕತೊಡಗಿದಳು. ಕಾವಲಿನವನು ಆ ಕಡೆ ತಿರುಗಿ ಮೂಗು ಸೀಟುತ್ತಿದ್ದ. ಅವಳ ಹಣೆ ಗಂಡನ ಗದ್ದಕ್ಕೆ ತಾಗುವಷ್ಟು ಹತ್ತಿರವಿತ್ತು.

"ಎಲ್ಲಿ?" ಎಂದು ಉಸಿರಿನಲ್ಲೇ ಕೇಳಿದಳು.

ಅವನು ಅವಳ ಮುಖ ನೋಡಿದ. ಬಾಯಿ ಸ್ವಲ್ಪ ತೆರೆದ. ಮತ್ತೆ ಮುಚ್ಚಿಕೊಂಡ.

"ಮನೆ ಜೋಪಾನ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಕುದುರೆ ಹತ್ತಿದ.

ಆಮೇಲೆ ಮನೆಯನ್ನು ಒಡೆಯತೊಡಗಿದರು. ಗೋಡೆಗಳನ್ನು ಒಳಗಿನಿಂದ ಅಳೆದರು, ಹೊರಗಿನಿಂದ ಅಳೆದರು. ಲೆಕ್ಕ ಕೂಡದಿದ್ದ ಕಡೆ ಹಾರೆ ಹಾಕಿದರು. ಅಜ್ಜನ ಕಾಲದಲ್ಲಿ ಕಟ್ಟಿ ಮಗನ ಕಾಲದಲ್ಲಿ ಮುಚ್ಚಿದ್ದ ಶೌಚದ ಕೊಳವೆ ಸಿಕ್ಕಿತು, ಒಳಗೆ ಹಕ್ಕಿಯ ಎಲುಬು ಮಾತ್ರ ಇತ್ತು. ಊಟದ ಕೋಣೆಯ ಚಾವಣಿಯಲ್ಲಿ ದ್ರಾಕ್ಷಿ ಗೊಂಚಲುಗಳ ಗಾರೆಕೆಲಸವಿತ್ತು, ತೀರಿಹೋದ ಅತ್ತೆಯ ಹೆಮ್ಮೆ ಅದು. ಅದನ್ನು ಕೋಲಿನಿಂದ ತಿವಿದು ತಿವಿದು ಉದುರಿಸಿದರು. ಗೊಂಚಲುಗಳು ಮೇಜಿನ ಮೇಲೆ ಬಿದ್ದು ಪುಡಿಯಾದವು.

ಗೂಡು ಸಿಗಲಿಲ್ಲ. ಲುಡ್‌ಫರ್ಡ್ ಥಾಮಸಿನ್‌ಳನ್ನು ಕರೆದು ಎದುರಿಗೆ ಕೂರಿಸಿಕೊಂಡ. ದನಿ ಮೃದುವಾಗಿತ್ತು.

"ನೀವು ನಮ್ಮವರು ತಾಯಿ. ನಿಮ್ಮ ತಂದೆಯವರ ಜೊತೆ ಊಟ ಮಾಡಿದೋನು ನಾನು. ನೀವು ಹುಡುಕಿಕೊಡೋದೇನೂ ಬೇಡ. ಸುಮ್ಮನೆ ಮನೆ ತುಂಬ ಓಡಾಡಿ. 'ಅವರು ಹೋದ್ರು ಮೇಷ್ಟ್ರೇ, ಹೊರಗೆ ಬನ್ನಿ' ಅಂತ ಕೂಗಿ. ಅಷ್ಟೇ. ನಿಮ್ಮ ಯಜಮಾನರು ಈಸ್ಟರ್ ಹಬ್ಬಕ್ಕೆ ಮನೇಲಿರ್ತಾರೆ."

"ಯಾವ ಮೇಷ್ಟ್ರು? ಅವರು ಕ್ರಿಸ್‌ಮಸ್‌ಗೇ ಊರಿಗೆ ಹೋದ್ರು," ಅಂದಳು ಅವಳು.

"ನಿಮ್ಮ ಗೋಡೆ ಒಳಗೆ ಒಬ್ಬ ಮನುಷ್ಯ ನೀರಿಲ್ಲದೆ ಸಾಯ್ತಿದಾನೆ. ಅದು ನಿಮಗೆ ಬೇಕಾ?"

"ಹೇಳಿದ್ನಲ್ಲ, ಯಾರೂ ಇಲ್ಲ."

ಅವನು ಎದ್ದು ಗ್ಯಾಲರಿಗೆ ಹೋದ. ತನ್ನವರಲ್ಲಿ ಒಬ್ಬ ಎಳೆಗಂಟಲಿನವನನ್ನು ಕರೆದು ಏನೋ ಹೇಳಿದ. ಸ್ವಲ್ಪ ಹೊತ್ತಿಗೆ ಹೆಣ್ಣುದನಿಯೊಂದು ಮನೆಯ ಉದ್ದಕ್ಕೂ ಕೂಗುತ್ತ ಹೋಯಿತು: "ಮೇಷ್ಟ್ರೇ, ನಾನು, ಥಾಮಸಿನ್! ಅವರೆಲ್ಲ ಹೋದ್ರು! ಬನ್ನಿ!" ತನ್ನದೇ ಹೆಸರನ್ನು ಪರರ ಬಾಯಲ್ಲಿ ಕೇಳುತ್ತ ಅವಳು ಕೆಳಗೆ ಕಲ್ಲಾಗಿ ಕೂತಿದ್ದಳು. ಗೋಡೆಗಳಿಂದ ಯಾವ ಉತ್ತರವೂ ಬರಲಿಲ್ಲ. ಜಾಣರು ನಮ್ಮ ಮೇಷ್ಟ್ರು ಎಂದು ಅವಳ ಎದೆ ತುಸು ಹಗುರಾಯಿತು.

ಲುಡ್‌ಫರ್ಡ್ ಬೇಸತ್ತು ಹೊರಟ. ಹೋಗುವಾಗ ಇಬ್ಬರು ಕಾವಲಿನವರನ್ನು ಬಿಟ್ಟುಹೋದ. ಅವರು ಹಜಾರದ ಬೆಂಕಿಯ ಮುಂದೆ ಕಾಲು ಚಾಚಿ, ಮನೆಯ ಸೇಬಿನ ಮದ್ಯ ಕುಡಿದು, ಬ್ರಿಜೆಟ್‌ಳ ಅಡುಗೆಯಲ್ಲಿ ಕೊಂಕು ತೆಗೆಯುತ್ತ ಕಾಲ ಕಳೆದರು.

"ಏನಜ್ಜೀ, ಈ ಗಂಜಿಗೆ ಉಪ್ಪು ಹಾಕೋದನ್ನೂ ರಾಣಿ ನಿಷೇಧ ಮಾಡಿದಾಳಾ?"

"ಉಪ್ಪು ಋಣದ ವಸ್ತು ಕಣಪ್ಪ. ನಿಮಗೆ ಯಾಕೆ ಆ ಭಾರ ಅಂತ ಬಿಟ್ಟೆ," ಎನ್ನುತ್ತಿದ್ದಳು ಬ್ರಿಜೆಟ್.

ಹೀಗೆ ಅವಳು ಮಾತಿನಲ್ಲಿ ಹಿಡಿದಿಟ್ಟುಕೊಂಡಾಗೆಲ್ಲ ಥಾಮಸಿನ್ ಪೊರಕೆ ಹಿಡಿದು ಮೇಲೆ ಹೋಗುತ್ತಿದ್ದಳು. ಒಡೆದ ಗಾರೆ ಗುಡಿಸುವ ನೆಪ. ಹಲಗೆ ಹೊದಿಸಿದ ಗೋಡೆಗಳಿಗೆ ಬಾಯಿ ಹಚ್ಚಿ ಪಿಸುಗುಡುತ್ತಿದ್ದಳು: "ಮೇಷ್ಟ್ರೇ. ಮೇಷ್ಟ್ರೇ. ಥಾಮಸಿನ್ ಬಂದಿದೀನಿ. ಎಲ್ಲಿದೀರಿ?" ಹಲಗೆಗೆ ಕಿವಿ ಕೊಟ್ಟು ನಿಲ್ಲುತ್ತಿದ್ದಳು. ಮರ ಬಿಗಿಯುವ ಸದ್ದು, ಇಲಿಯ ಸದ್ದು, ಸೂರಿನ ಮೇಲೆ ಹಿಮ ಜಾರುವ ಸದ್ದು. ಈ ಮನೆಗೆ ಬಂದಾಗಿನಿಂದ ಅವಳು ಪ್ರತಿ ಕೋಣೆಯ ಬೀಗದ ಕೈಯನ್ನು ಸೊಂಟದಲ್ಲಿ ಕಟ್ಟಿಕೊಂಡು ತಿರುಗಿದ್ದಳು. ಯಾವ ಬಾಗಿಲು ಮಳೆಗೆ ಊದುತ್ತದೆ, ಯಾವ ಮೆಟ್ಟಿಲು ಕಿರುಗುಟ್ಟುತ್ತದೆ, ಎಲ್ಲ ಗೊತ್ತಿತ್ತು. ಈಗ ಅದೇ ಮನೆ ತನ್ನ ಮುಖಕ್ಕೆ ಬಾಗಿಲು ಹಾಕಿಕೊಂಡು ಕೂತ ಹಾಗಾಗಿತ್ತು.

ಆಳುಗಳನ್ನು ಒಬ್ಬೊಬ್ಬರನ್ನಾಗಿ ಕೇಳಿದಳು. ಯಾರಿಗೂ ಗೊತ್ತಿಲ್ಲ. ತೋಟ ನೋಡಿಕೊಳ್ಳುವ ವ್ಯಾಟ್ ಮಾತ್ರ, "ಆ ಕೆಲಸ ಮಾಡಿದ ಬಡಗಿ ಒಬ್ಬನೇ ಮಾಡ್ತಿದ್ದ ಅಮ್ಮ. ನಮ್ಮನ್ನೆಲ್ಲ ಹೊಲಕ್ಕೆ ಅಟ್ತಿದ್ರು. ಅವನೂ ತೀರ್ಕೊಂಡನಂತೆ," ಅಂದ.

ಹಾಗಾದರೆ ಭೂಮಿಯ ಮೇಲೆ ಆ ಜಾಗ ಗೊತ್ತಿರುವವರು ಇಬ್ಬರೇ. ಒಬ್ಬ ಲಂಡನ್ನಿನ ಸೆರೆಯಲ್ಲಿ. ಇನ್ನೊಬ್ಬರು ಆ ಜಾಗದೊಳಗೇ.

ಹಿಮ ಕರಗಿ ಹೊಳೆಯ ನೀರು ದಾರಿಗೆ ಬರತೊಡಗಿದಾಗ ಕಾವಲಿನವರಿಗೆ ಕರೆ ಬಂತು. ಅವರ ಕುದುರೆಗಳು ಸೇತುವೆ ದಾಟಿದ್ದೇ ತಡ, ಥಾಮಸಿನ್ ಮನೆ ತುಂಬ ಗಂಟಲು ಹರಿಯುವ ಹಾಗೆ ಕೂಗಿಕೊಂಡು ಓಡಿದಳು. "ಮೇಷ್ಟ್ರೇ! ನಿಜವಾಗ್ಲೂ ಹೋದ್ರು! ದೇವರಾಣೆ! ಒಂದು ಸಲ ತಟ್ಟಿ ಸಾಕು!" ಬ್ರಿಜೆಟ್, ವ್ಯಾಟ್, ಹಾಲು ಕರೆಯುವ ಹುಡುಗಿಯರು, ಎಲ್ಲರೂ ಗೋಡೆ ಬಡಿದರು. ಬಡಿದು ಬಡಿದು ಸುಮ್ಮನಾದರು. ಮನೆಯೂ ಸುಮ್ಮನಿತ್ತು.

ಸಂಜೆಯ ಹೊತ್ತಿಗೆ ಅವಳು ಗ್ಯಾಲರಿಯ ನೆಲದ ಮೇಲೆ ಕುಸಿದು ಕೂತಳು. ಬ್ರಿಜೆಟ್ ದೀಪ ಹಚ್ಚಲು ಹೆಣಗಾಡುತ್ತಿದ್ದಳು.

"ಹಾಳು ಕತ್ತಲೆ," ಎಂದು ಗೊಣಗಿದಳು ಮುದುಕಿ. "ಮೊದಲಾದ್ರೆ ಈ ಹೊತ್ತಲ್ಲಿ ಇಲ್ಲಿ ಬೆಂಕಿ ಬಿದ್ದಷ್ಟು ಬೆಳಕಿರ್ತಿತ್ತು. ನೀವು ಹೊಸದಾಗಿ ಬಂದಾಗ ಆ ತುದೀಲೇ ಕೂತಿರ್ತಿದ್ರಲ್ಲ, ನೆನಪಿದೆಯಾ? ಹೊಲದ ಕಡೆ ಕಣ್ಣು ನೆಟ್ಕೊಂಡು. ಅತ್ತೆಯವರು, ಸೊಸೆ ತವರಿನ ದಾರಿ ನೋಡ್ತಾಳೆ ಅಂತ ಆಡಿಕೊಳ್ಳೋರು."

ಥಾಮಸಿನ್ ಗ್ಯಾಲರಿಯ ಪಡುವಣ ತುದಿಯನ್ನು ನೋಡಿದಳು. ಅಲ್ಲಿ ಈಗ ಬರೀ ಹಲಗೆಯ ಗೋಡೆ, ಪಕ್ಕದಲ್ಲಿ ಹೊಸ ಕಟ್ಟಡಕ್ಕೆ ಹೋಗುವ ಬಾಗಿಲು. ಆದರೆ ಅವಳು ಬಂದ ವರ್ಷ ಅಲ್ಲಿ ಕಿಟಕಿಯಿತ್ತು. ಅಜ್ಜನ ಕಾಲದ ಗೋಡೆಯಲ್ಲಿ ಕೊರೆದ ಆಳವಾದ ಕಿಟಕಿ. ಅದರ ಹೊಟ್ಟೆಯೊಳಗೇ ಕೂರುವ ಕಲ್ಲಿನ ಕಟ್ಟೆ. ಒಬ್ಬಳು ಕಾಲು ಮಡಿಸಿ ಕೂತರೆ ಸರಿಹೋಗುವಷ್ಟು ಜಾಗ. ಇಟ್ಟಿಗೆಯ ಕಟ್ಟಡ ಬಂದು ಆತುಕೊಂಡ ಮೇಲೆ ಆ ಕಿಟಕಿಗೆ ನೋಡಲು ಏನೂ ಉಳಿಯಲಿಲ್ಲ. ಹಲಗೆ ಹೊದಿಸಿದರು. ಮಗುವನ್ನು ಕಳೆದುಕೊಂಡು ಬಂದಿದ್ದ ಅವಳು ಅಂದು ಅದರ ಬಗ್ಗೆ ಕೇಳಲೂ ಇಲ್ಲ. ಹೊರಗಿನಿಂದ ನೋಡಿದವರಿಗೆ ಅಲ್ಲೊಂದು ಕಿಟಕಿ ಇತ್ತೆಂಬ ಸುಳಿವೂ ಸಿಗದು. ಲುಡ್‌ಫರ್ಡ್ ಬಾಗಿಲಿನ ಇನ್ನೊಂದು ಬದಿ ಒಡೆಸಿದ್ದ. ಅಲ್ಲಿ ಕಲ್ಲು ಮಣ್ಣು ಬಿಟ್ಟು ಏನೂ ಸಿಕ್ಕಿರಲಿಲ್ಲ.

"ವ್ಯಾಟ್‌ನ ಕರೆಯೇ. ಕೊಡಲಿ ತರೋಕೆ ಹೇಳು," ಅಂದಳು.

ಹಲಗೆ ಎಲ್ಲಿಂದ ತೆರೆಯುತ್ತದೆಂದು ನೋಡುತ್ತ ಕೂರುವ ತಾಳ್ಮೆ ಅವಳಿಗಿರಲಿಲ್ಲ. ವ್ಯಾಟ್ ಮೊದಲ ಏಟು ಹಾಕಿದ. ಹಲಗೆಯ ಹಿಂದೆ ದಪ್ಪನೆಯ ಓಕ್ ಮರ ತುಂಬಿದ್ದರು, ಆದ್ದರಿಂದಲೇ ತಟ್ಟಿದಾಗ ಟೊಳ್ಳು ಸದ್ದು ಬಂದಿರಲಿಲ್ಲ. ಸೀಳು ಬಿಟ್ಟ ಕೂಡಲೇ ಒಳಗಿನಿಂದ ಕೆಟ್ಟ ಗಾಳಿ ಬಂತು. ಥಾಮಸಿನ್ ದೀಪ ಹಿಡಿದು ಬಗ್ಗಿದಳು.

ಫೆನ್ ಮೇಷ್ಟ್ರು ಅವಳು ಕೂರುತ್ತಿದ್ದ ಕಟ್ಟೆಯ ಮೇಲೆಯೇ ಮೊಣಕಾಲು ಎದೆಗೊತ್ತಿಕೊಂಡು ಕೂತಿದ್ದರು. ಪಕ್ಕದಲ್ಲಿ ಬರಿದಾದ ಚರ್ಮದ ನೀರುಚೀಲ. ಗೋಡೆಯ ಒಂದು ಕಲ್ಲು ಒದ್ದೆಯಾಗಿತ್ತು. ಹಿಮ ಕರಗಿ ಇಳಿದ ನೀರನ್ನು ಅವರು ನೆಕ್ಕಿ ಬದುಕಿಕೊಂಡಿದ್ದರು. ಕಣ್ಣು ತೆರೆದಿತ್ತು. ರೆಪ್ಪೆ ಆಡಿತು.

"ಜೀವ ಇದೆ!" ಎಂದು ವ್ಯಾಟ್ ಕೂಗಿದ.

ಅವರನ್ನು ಥಾಮಸಿನ್‌ಳ ಮಂಚದ ಮೇಲೆಯೇ ಮಲಗಿಸಿದರು. ಮಡಿಸಿದ ಕಾಲುಗಳು ನೇರವಾಗಲಿಲ್ಲ. ಬ್ರಿಜೆಟ್ ಬಿಸಿನೀರಿನ ಬಟ್ಟೆಯಿಂದ ಮೈ ಒರೆಸಿದಳು, ಥಾಮಸಿನ್ ಹಾಲಿನಲ್ಲಿ ರೊಟ್ಟಿ ನೆನೆಸಿ ಚಮಚದ ತುದಿಯಲ್ಲಿ ತುಟಿಗೆ ಮುಟ್ಟಿಸಿದಳು. ಒಂದಿಷ್ಟು ಒಳಗೆ ಹೋಯಿತು. ಉಳಿದದ್ದು ಗಡ್ಡದಲ್ಲಿ ಇಳಿಯಿತು. ಮಾರನೆಯ ದಿನ ಮಧ್ಯಾಹ್ನ ಅವರಿಗೆ ಮಾತು ಬಂತು.

"ನಿಮ್ಮ ದನಿ ಕೇಳ್ತಿತ್ತು," ಅಂದರು.

ಥಾಮಸಿನ್‌ಳ ಕೈಯಲ್ಲಿದ್ದ ಚಮಚ ನಿಂತಿತು. "ಯಾವತ್ತು?"

"ಎಲ್ಲಾ ದಿನ. ಹಲಗೆ ಹತ್ತಿರ ಬಂದು ಮೆಲ್ಲಗೆ ಕರೀತಿದ್ರಿ. ಮೊದಲು ಕೂಗಿದ್ದು ನೀವಲ್ಲ, ಅದು ಗೊತ್ತಾಯ್ತು. ಆಮೇಲಿನದು ನೀವೇ. ಅದೂ ಗೊತ್ತಾಯ್ತು."

"ಮತ್ತೆ ಯಾಕೆ... ಒಂದು ಸಲ ತಟ್ಟಿದ್ರೆ ಸಾಕಿತ್ತಲ್ಲ ಮೇಷ್ಟ್ರೇ. ಒಂದೇ ಒಂದು ಸಲ."

ಸುಳ್ಳು ಹೇಳಲು ಬರದ ಮನುಷ್ಯ. "ಒಳಗೆ ಬಿಡುವಾಗ ಯಜಮಾನರು ಹೇಳಿದ್ರು," ಅಂದರು. "ಯಾರು ಕರೆದರೂ ಓಗೊಡಬೇಡಿ, ನನ್ನ ಹೆಂಡತಿ ಕರೆದರೂ ಸರಿ. ಅವಳು ಅವಳಪ್ಪನ ಮಗಳು, ಹೆದರಿಸಿದ್ರೆ ಏನು ಮಾಡ್ತಾಳೋ ಹೇಳೋಕಾಗಲ್ಲ ಅಂತ. ನಾನು ಅದನ್ನ ನಂಬಿದೆ ತಾಯಿ. ನಿಮ್ಮ ಅಳು ಕೇಳ್ತಾ ಇದ್ರೂ ನಂಬಿದೆ. ನನ್ನ ಕ್ಷಮಿಸಿಬಿಡಿ."

ಥಾಮಸಿನ್ ಚಮಚವನ್ನು ಮತ್ತೆ ಹಾಲಿಗೆ ಅದ್ದಿ ಅವರ ತುಟಿಗಿಟ್ಟಳು. ಅವರು ಕುಡಿದರು. ಆಗ ಅವಳ ಕಣ್ಣಿಂದ ನೀರು ಬರಲಿಲ್ಲ. ಒಳಗೆ ಏನೋ ಒಂದು, ತುಂಬ ಕಾಲದಿಂದ ಬೆಚ್ಚಗಿದ್ದದ್ದು, ಆರಿದ ಹಾಗಾಯಿತು.

ಅವರು ಇನ್ನೆರಡು ದಿನ ಇದ್ದರು. ಕೊನೆಗೆ ಜ್ವರ ಏರಿ ಲ್ಯಾಟಿನ್‌ನಲ್ಲಿ ಏನೇನೋ ಹೇಳುತ್ತ, ಒಂದು ಮುಂಜಾನೆ ಸುಮ್ಮನಾದರು. ಕೊನೆಯ ಪ್ರಾರ್ಥನೆ ಹೇಳಲು ಇನ್ನೊಬ್ಬ ಪಾದ್ರಿ ಎಲ್ಲಿಂದ ಬರಬೇಕು? ಬ್ರಿಜೆಟ್ ತನಗೆ ಬಂದಷ್ಟು ಹೇಳಿದಳು. ಹೂಳಲು ಚರ್ಚಿನ ಅಂಗಳಕ್ಕೆ ಒಯ್ಯುವ ಹಾಗಿರಲಿಲ್ಲ. ವ್ಯಾಟ್ ಹಾಡುಹಗಲೇ ತೋಟದಲ್ಲಿ ಗುಂಡಿ ತೋಡಿದ. ದಾರಿಯಲ್ಲಿ ಹೋಗುವವರು ಕೇಳಿದರೆ ಹೊಸ ಸೇಬಿನ ಗಿಡ ನೆಡುತ್ತಿದ್ದೇನೆ ಎಂದ. ಗಿಡವನ್ನೂ ನೆಟ್ಟ. ಒಡೆದ ಕಿಟಕಿಗೆ ಥಾಮಸಿನ್ ಅಡ್ಡಹಲಗೆ ಬಡಿಸಿದಳು. ಉದುರಿದ ದ್ರಾಕ್ಷಿ ಗೊಂಚಲುಗಳನ್ನು ಮೊರದಲ್ಲಿ ತುಂಬಿ ಕಂದಕಕ್ಕೆ ಸುರಿಸಿದಳು.

ಜರ್ವೇಸ್ ಬಂದದ್ದು ಸೇಬು ಕೊಯ್ಯುವ ಕಾಲಕ್ಕೆ. ಸಾಕ್ಷಿ ಸಿಗದೆ ಬಿಟ್ಟಿದ್ದರು. ಗಾಡಿಯಿಂದ ಇಳಿದವನನ್ನು ವ್ಯಾಟ್ ಯಾರೋ ಭಿಕ್ಷುಕ ಎಂದುಕೊಂಡ. ತಲೆ ಬೆಳ್ಳಗಾಗಿತ್ತು. ಕೈಗಳು ತನ್ನವಲ್ಲವೇನೋ ಎಂಬಂತೆ ಪಕ್ಕದಲ್ಲಿ ಜೋತಾಡುತ್ತಿದ್ದವು. ಮಣಿಕಟ್ಟಿಗೆ ಕಬ್ಬಿಣ ತೊಡಿಸಿ ಕಂಬಕ್ಕೆ ನೇತುಹಾಕಿದ್ದರು, ಒಂದು ಸಲವಲ್ಲ, ಮತ್ತೆ ಮತ್ತೆ. ಬೆರಳುಗಳು ಮಡಿಯುತ್ತಿರಲಿಲ್ಲ.

ಅಂಗಳದಲ್ಲಿ ಹೆಂಡತಿಯನ್ನು ಕಂಡ ಕೂಡಲೇ ಅವನು ಹೇಳಿದ ಮೊದಲ ಮಾತು: "ನಾನು ಹೇಳಲಿಲ್ಲ ಕಣೇ. ಎಷ್ಟು ಕೇಳಿದ್ರೂ ಹೇಳಲಿಲ್ಲ. ಮೇಷ್ಟ್ರು ಹೊರಟುಹೋದ್ರಾ? ಸಮುದ್ರ ದಾಟಿದ್ರಾ?"

ಥಾಮಸಿನ್ ಈ ಗಳಿಗೆಗೆಂದು ಎಷ್ಟೋ ಮಾತುಗಳನ್ನು ಕೂಡಿಟ್ಟುಕೊಂಡಿದ್ದಳು. ಬಟ್ಟೆ ಒಗೆಯುವಾಗ, ಬೆಣ್ಣೆ ಕಡೆಯುವಾಗ, ಒಂಟಿ ಮಂಚದಲ್ಲಿ ಹೊರಳುವಾಗ ಒಂದೊಂದನ್ನೂ ಹರಿತ ಮಾಡಿಟ್ಟಿದ್ದಳು. ಆ ಕೈಗಳನ್ನು ನೋಡಿದ ಮೇಲೆ ಒಂದೂ ಬಾಯಿಗೆ ಬರಲಿಲ್ಲ. ಅವನ ತೋಳು ಹಿಡಿದು ತೋಟಕ್ಕೆ ಕರೆದುಕೊಂಡು ಹೋದಳು. ಎಳೆಯ ಸೇಬಿನ ಗಿಡದ ಮುಂದೆ ನಿಲ್ಲಿಸಿದಳು.

"ಇಲ್ಲಿದಾರೆ," ಅಂದಳು.

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಯಾವಾಗ?"

"ನಿಮ್ಮನ್ನ ಕರ್ಕೊಂಡು ಹೋದ ತಿಂಗಳೇ."

"ಅಂದ್ರೆ ನಾನಲ್ಲಿ..." ಎಂದವನು ತನ್ನ ಕೈಗಳನ್ನು ನೋಡಿಕೊಂಡ. ಆ ಕಂಬದಲ್ಲಿ ನೇತಾಡಿದ ಹಲವು ತಿಂಗಳು ಅವನು ಕಾಪಾಡುತ್ತಿದ್ದದ್ದು ಮಣ್ಣಿನೊಳಗಿದ್ದವರನ್ನು. ಮಂಡಿಯೂರಲು ಹೋದ; ನೆಲಕ್ಕೆ ಕೈ ಊರಲಾಗದೆ ಮುಗ್ಗರಿಸಿದ. ಥಾಮಸಿನ್ ಹಿಡಿದುಕೊಂಡಳು.

"ಗೂಡು ಹೇಗೆ ಸಿಕ್ತು ನಿನಗೆ?"

"ಹುಡುಕಿದೆ. ತಡವಾಗಿ ಸಿಕ್ತು."

"ಅಂಗಳದಲ್ಲಿ ನೀನು ಕೇಳ್ದೆಯಲ್ಲ, ಆವಾಗ ಹೇಳಬೇಕು ಅಂತ ಬಾಯಿ ತೆಗೆದೆ ಥಾಮಸಿನ್. ದೇವರಾಣೆಗೂ. ಅಷ್ಟರಲ್ಲಿ ನಿನ್ನ ಮುಖದಲ್ಲಿ ನಿಮ್ಮಪ್ಪನ ಮುಖ ಕಂಡುಬಿಡ್ತು."

"ಮೇಷ್ಟ್ರು ಹೇಳಿದ್ರು," ಅಂದಳು ಅವಳು. "ಎಲ್ಲಾ ಹೇಳಿದ್ರು. ಒಳಗೆ ಬನ್ನಿ, ಗಾಳಿ ಜೋರಾಗಿದೆ."

ಅಂದಿನಿಂದ ಅವಳೇ ಅವನಿಗೆ ಊಟ ಮಾಡಿಸಿದಳು, ಅಂಗಿ ತೊಡಿಸಿದಳು, ಗಡ್ಡ ಹೆರೆದಳು. ಏನೂ ಕೊರತೆ ಮಾಡಲಿಲ್ಲ. ಆದರೆ ಇಬ್ಬರ ನಡುವೆ ಮಾತು ಕಡಿಮೆಯಾಯಿತು. ಒಂದು ದಿನ ಅವನು ತಾನಾಗಿ, "ಬಾ, ನಿನಗೆ ತೋರಿಸಬೇಕು," ಎಂದು ಎಬ್ಬಿಸಿದ. ಮನೆಯಲ್ಲಿ ಇನ್ನೊಂದು ಗೂಡಿತ್ತು, ಬಟ್ಟೆಯ ಕೋಣೆಯ ಹೊಗೆಕೊಳವೆಯ ಹಿಂದೆ. ಎಲ್ಲಿ ಒತ್ತಬೇಕು, ಎಲ್ಲಿ ಜಾರಿಸಬೇಕು ಎಂದು ಅವನು ಗದ್ದದಿಂದ ತೋರಿಸಿದ, ಅವಳು ಬೆರಳಿಟ್ಟು ಒತ್ತಿದಳು. ಇಟ್ಟಿಗೆಯ ಹಾಗೆ ಬಣ್ಣ ಬಳಿದ ಮರದ ಬಾಗಿಲು ಸದ್ದಿಲ್ಲದೆ ಸರಿಯಿತು. ಅಷ್ಟೇ. ಒಂದು ಬೆರಳಿನ ಕೆಲಸ. ಅವಳು ಆ ಕತ್ತಲೆಯನ್ನು ನೋಡುತ್ತ ನಿಂತಳು.

"ಇನ್ನು ನಿನ್ನಿಂದ ಮುಚ್ಚಿಟ್ಟಿದ್ದು ಏನೂ ಇಲ್ಲ," ಅಂದ ಜರ್ವೇಸ್.

"ಹೂಂ," ಅಂದಳು. ಯಾರದೋ ಮನೆಯನ್ನು ನೋಡಲು ಬಂದವರಂತೆ ಬಾಗಿಲು ಸರಿಸಿ ಮುಚ್ಚಿ ಕೆಳಗೆ ಹೋದಳು. ಅಲ್ಲಿ ಬೇಯುತ್ತಿದ್ದ ಒಣಮೀನಿಗೆ ನೀರು ಸಾಲದಾಗಿತ್ತು.

ಮರುವರ್ಷ ವಸಂತದಲ್ಲಿ ಇನ್ನೊಬ್ಬ ಪಾದ್ರಿ ಬಂದರು. ಕುದುರೆ ವ್ಯಾಪಾರಿಯ ವೇಷ; ಇನ್ನೂ ಮೂವತ್ತಾಗದ, ಕೆಂಪು ಕೂದಲಿನ ಮನುಷ್ಯ, ಹೆಸರು ಕ್ರಿಸ್ಪಿನ್ ಎಂದರು. ಊಟಕ್ಕೆ ಕೂತವರು ರೊಟ್ಟಿ ಮುರಿಯುವಷ್ಟರಲ್ಲಿ ವ್ಯಾಟ್ ಓಡಿಬಂದ. ಹಳ್ಳಿಯ ಹೆಂಡದಂಗಡಿಯಲ್ಲಿ ಪರಊರಿನ ಸವಾರರು ಓಕರ್‌ಷಾದ ದಾರಿ ಕೇಳುತ್ತಿದ್ದಾರಂತೆ. ಜರ್ವೇಸ್ ಎದ್ದು ನಿಂತ. ಅವನ ಕೈಗಳಿಂದ ಆಗುವ ಕೆಲಸವಲ್ಲ ಅದು.

"ಇವರು ನನ್ನ ಹೆಂಡತಿ," ಎಂದು ಪಾದ್ರಿಗೆ ಹೇಳಿದ. "ಇವರು ಹೇಳಿದ ಹಾಗೆ ಕೇಳಿ. ಬೇರೆ ಯಾರ ಮಾತೂ ಬೇಡ. ನನ್ನ ಮಾತೂ ಬೇಡ."

ಥಾಮಸಿನ್ ಗಂಡನ ಮುಖವನ್ನು ಒಮ್ಮೆ ನೋಡಿದಳು. ತಡವಾಗಿ ಬಂದ ಮಾತು. ಅದರಿಂದ ಯಾವ ಸಂತೋಷವೂ ಆಗಲಿಲ್ಲ. ರೊಟ್ಟಿ, ಗಿಣ್ಣು, ಎರಡು ಜಾಡಿ ನೀರು ಎತ್ತಿಕೊಂಡು ಪಾದ್ರಿಯನ್ನು ಬಟ್ಟೆಯ ಕೋಣೆಗೆ ಕರೆದೊಯ್ದಳು. ಬಾಗಿಲು ಸರಿಸಿದಳು. ಕ್ರಿಸ್ಪಿನ್ ಮೈ ಬಗ್ಗಿಸಿ ಒಳಗೆ ಕೂತರು.

"ಸ್ವಲ್ಪ ಇಕ್ಕಟ್ಟು," ಎಂದು ನಗಲು ನೋಡಿದರು. "ನನ್ನ ಕುದುರೆಗೂ ಇದಕ್ಕಿಂತ ಒಳ್ಳೆ ಲಾಯ ಇದೆ."

ಅವಳು ಬಾಗಿಲು ಮುಚ್ಚಿದಳು. ಮುಚ್ಚಿದವಳು ಕೆಳಗೆ ಓಡಿಹೋಗಬೇಕಿತ್ತು. ಆದರೆ ಸವಾರರು ಹೊಳೆ ದಾಟಿ ಬರಲು ಇನ್ನೂ ಹೊತ್ತಿದೆ ಎಂದುಕೊಂಡು ಬಣ್ಣ ಬಳಿದ ಇಟ್ಟಿಗೆಗಳ ಹತ್ತಿರ ನೆಲದ ಮೇಲೆ ಕೂತಳು.

"ನನ್ನ ದನಿ ಚೆನ್ನಾಗಿ ಕೇಳಿಸ್ಕೊಳ್ಳಿ," ಎಂದು ಗೋಡೆಗೆ ಹೇಳಿದಳು. "ಬೇರೆಯವರು ನನ್ನ ಹಾಗೆ ಕೂಗಬಹುದು. ಗುರುತು ಇಟ್ಕೊಳ್ಳಿ."

"ಕೇಳಿಸ್ತಿದೆ ತಾಯಿ."

ಏನು ಮಾತಾಡಬೇಕೆಂದು ಅವಳಿಗೆ ತೋಚಲಿಲ್ಲ. ಬಾಯಿಗೆ ಬಂದದ್ದನ್ನೇ ಹೇಳತೊಡಗಿದಳು. ಕಂದು ಹಸು ಕರು ಹಾಕಿದೆ, ಹೆಣ್ಣುಕರು, ಹಣೆಯ ಮೇಲೆ ಬಿಳಿ ಮಚ್ಚೆ. ಬ್ರಿಜೆಟ್‌ಗೆ ಮೊಣಕಾಲು ನೋವು, ಬೈಗುಳ ಮಾತ್ರ ಕಡಿಮೆಯಾಗಿಲ್ಲ. ಈ ವರ್ಷ ಬಾರ್ಲಿ ತಡವಾಗಿ ಬಿತ್ತಿದ್ದಾರೆ. ಒಳಗಿನಿಂದ ಆಗಾಗ "ಹೌದಾ" ಎಂದೋ "ಹೂಂ" ಎಂದೋ ಸಣ್ಣ ದನಿ ಬರುತ್ತಿತ್ತು. ಒಮ್ಮೆ ಬರಲಿಲ್ಲ. ಅವಳ ಮಾತು ನಿಂತಿತು.

"ಇದೀರಾ?" ಎಂದು ಇಟ್ಟಿಗೆಗೆ ಅಂಗೈ ಒತ್ತಿ ಕೇಳಿದಳು.

"ಇದೀನಿ, ಇದೀನಿ. ರೊಟ್ಟಿ ತಿಂತಿದ್ದೆ. ಕರುವಿಗೆ ಏನು ಹೆಸರಿಟ್ರಿ?"

ಇನ್ನೂ ಇಟ್ಟಿಲ್ಲ ಎಂದಳು ಥಾಮಸಿನ್. ಕೆಳಗೆ ಸೇತುವೆಯ ಹಲಗೆಗಳು ಗುಡುಗಿದವು. ಅವಳು ಎದ್ದು, ಲಂಗಕ್ಕೆ ಹತ್ತಿದ ಧೂಳನ್ನು ಮರೆಯದೆ ಕೊಡವಿ, ಮೆಟ್ಟಿಲಿಳಿದು ಬಾಗಿಲು ತೆಗೆಯಲು ಹೋದಳು.